ಖಣದ ಫ್ರೆಂಚ್ ಕೋಟು

ಅವಳ ಮುಖಕ್ಕೆ ಕಣ್ಣಿಲ್ಲ. ಕೈಗೆ ಬೆರಳಿಲ್ಲ. ಕಾಲು ಸಪೂರವಾಗುತ್ತ ಹೋಗಿ ಕಾಗದದ ಕೆಳತುದಿಯಲ್ಲಿ ಇಲ್ಲವೇ ಆಗಿಬಿಡುತ್ತದೆ. ತಲೆಯ ಮೇಲೊಂದು ಹ್ಯಾಟು, ಅದೂ ಎರಡೇ ಗೀಟಿನಲ್ಲಿ. ಇಷ್ಟೆಲ್ಲ ಜಿಪುಣತನ ತೋರಿಸಿದ ಪೆನ್ಸಿಲು ಕೈಬಿಚ್ಚಿ ಖರ್ಚು ಮಾಡಿರುವುದು ಒಂದೇ ಕಡೆ, ಸೊಂಟದಿಂದ ಕೆಳಕ್ಕೆ ಬಿಚ್ಚಿಕೊಳ್ಳುವ ಲಂಗದ ಘೇರಿನಲ್ಲಿ.

1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ ಅವೆನ್ಯೂ ಮೊಂತೇನಿನ 30ನೇ ನಂಬರಿನ ಮನೆಯಲ್ಲಿ ಕ್ರಿಸ್ಟಿಯನ್ ಡಿಯೋರ್ ತನ್ನ ಹೆಸರಿನ ಮೊದಲ ಸಂಗ್ರಹವನ್ನು ತೋರಿಸಿದನಲ್ಲ, ಅದರಲ್ಲಿ ಎಲ್ಲರ ಕಣ್ಣಿಗೆ ಬಿದ್ದ ‘ಬಾರ್’ ಸೂಟಿನ ಚಿತ್ರ ಇದು. ಮೇಲೆ ದಂತದ ಬಣ್ಣದ ರೇಷ್ಮೆಯ ಬಿಗಿ ಕೋಟು, ಕೆಳಗೆ ಕಪ್ಪು ಉಣ್ಣೆಯ ನೆರಿಗೆ ಲಂಗ. ಇದರ ಪ್ರಿಂಟೌಟು ನೆರೂಳಿನಲ್ಲಿರುವ ನನ್ನ ತಂಗಿಯ ಮನೆಯ ಗೋಡೆಯಲ್ಲಿ, ಮಹಾಲಕ್ಷ್ಮೀ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಕೊಂಡಿದೆ. ತಂಗಿಯ ಮಗಳು ಖಾರ್‌ಘರಿನ ನಿಫ್ಟ್‌ನಲ್ಲಿ ಓದುತ್ತಾಳೆ. ಅಲ್ಲಿಗೆ ಸೇರುವುದಕ್ಕೆ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆದು ತೋರಿಸಬೇಕು. ಸೇರಿದ ಮೇಲಂತೂ ಕೇಳುವುದೇ ಬೇಡ, ಊಟದ ಬಟ್ಟಲಿನ ಪಕ್ಕದಲ್ಲೂ ಪೆನ್ಸಿಲು ಇರುತ್ತದೆ. ಮನುಷ್ಯರು ಸಾಮಾನ್ಯವಾಗಿ ತಮ್ಮದೇ ತಲೆಯ ಏಳೂವರೆ ಪಟ್ಟು ಎತ್ತರ ಇರುತ್ತಾರಂತೆ. ಫ್ಯಾಷನ್ ಚಿತ್ರದ ಹೆಂಗಸು ಒಂಬತ್ತು ಪಟ್ಟು, ಹತ್ತು ಪಟ್ಟು. ಹೆಚ್ಚಾದದ್ದೆಲ್ಲ ಕಾಲಿಗೆ ಸಂದಾಯ. “ಸುಳ್ಳಲ್ವಾ ಇದು?” ಎಂದೆ. “ಸುಳ್ಳಲ್ಲ ದೊಡ್ಡಮ್ಮ, ಪ್ರಪೋರ್ಷನ್” ಎಂದಳು. ಡೊಂಬಿವಲಿಯಿಂದ ಮುಂಬಯಿ ಕೋಟೆಯ ಬ್ಯಾಂಕಿಗೆ ಆಯುಷ್ಯವಿಡೀ ಲೋಕಲಿನಲ್ಲಿ ನಿಂತು ಹೋಗಿಬಂದ ನನಗೆ ಆ ಹೆಚ್ಚುವರಿ ಕಾಲನ್ನು ಲೇಡೀಸ್ ಡಬ್ಬಿಯಲ್ಲಿ ಎಲ್ಲಿ ಇಡುತ್ತಾರೆ ಎಂಬ ಚಿಂತೆ.

ಈ ಹುಡುಗಿಗೆ ಯುಗಾದಿಗೆ ಆ ಕೋಟು ಬೇಕಾಯಿತು. ನಮಗೆ ಮನೆಯೊಳಗೆ ಯುಗಾದಿ, ಬಾಗಿಲಿನಾಚೆ ಗುಡಿಪಾಡ್ವಾ. ಪಾಡ್ವಾದ ಬೆಳಿಗ್ಗೆ ಡೊಂಬಿವಲಿಯಲ್ಲಿ ಹೊಸ ವರ್ಷವನ್ನು ಸ್ವಾಗತಿಸುವ ಮೆರವಣಿಗೆ ಹೊರಡುತ್ತದೆ. ಗಣೇಶ ಮಂದಿರದವರು ಶುರುಮಾಡಿದ ಈ ಯಾತ್ರೆ ಆಮೇಲೆ ಥಾಣೆ, ಗಿರ್‌ಗಾಂವ್ ಅಂತ ಊರೂರಿಗೂ ಹಬ್ಬಿತು. ಅವತ್ತು ಫಡ್ಕೆ ರೋಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಯಾರು ಏನು ಉಟ್ಟಿದ್ದಾರೆ ಎಂದು ನೋಡುವುದಕ್ಕೇ ಅರ್ಧ ಊರು ಬಂದಿರುತ್ತದೆ. ಅಲ್ಲಿಗೆ ಡಿಯೋರನ ಕೋಟು ಹಾಕಿಕೊಂಡು ಹೋಗುವುದು, ಆದರೆ ರೇಷ್ಮೆಯಲ್ಲಲ್ಲ, ಗುಳೇದಗುಡ್ಡದ ಖಣದಲ್ಲಿ. ಖಣ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ನೇಯ್ದು ಮಹಾರಾಷ್ಟ್ರದ ಹೆಂಗಸರ ಮೈಮೇಲೆ ಬಾಳಿದ ಬಟ್ಟೆ. ರವಿಕೆಗೆಂದೇ ಹುಟ್ಟಿದ್ದು. ಅದನ್ನು ಪ್ಯಾರಿಸ್ಸಿಗೆ ಕಳಿಸುವ ಯೋಚನೆ ನನಗೇನೋ ಹಿಡಿಸಿತು. ಸರಿ, ನಮ್ಮ ಟೇಲರ್ ಮಾಸ್ಟರರ ಹತ್ತಿರ ಹೋದೆವು.

ಮಾಸ್ಟರು ವಿಜಯಪುರದ ಕಡೆಯವರು. ಮಾನ್‌ಪಾಡಾ ರಸ್ತೆಯ ಒಳಗಲ್ಲಿಯಲ್ಲಿ ಎರಡು ಮಶಿನ್ನು, ಒಂದು ಇಸ್ತ್ರಿ ಮೇಜು ಹಿಡಿಸುವಷ್ಟು ಅಂಗಡಿ. ಚಿತ್ರವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

“ಅಕ್ಕಾರ, ಈಕಿ ಉಸಿರು ಹ್ಯಾಂಗ ತೊಗೋತಾಳ್ರಿ?”

ಹುಡುಗಿ ಶುರುಮಾಡಿದಳು, ಇದು ಸಿಲೂಎಟ್, ಇದು ಲೈನು, ಇದು ಮೂಡು. ಮಾಸ್ಟರು ಎಲ್ಲವನ್ನೂ ಕೇಳಿ, “ಅದೆಲ್ಲ ಖರೆ ಅದ ಬಾಯಾರ. ನಡಾ ಎಷ್ಟು?” ಎಂದರು. ಚಿತ್ರದಲ್ಲಿ ನಡುವಿನ ಅಳತೆ ಇರಲಿಲ್ಲ. ತೋಳಿನದೂ ಇರಲಿಲ್ಲ. ಯಾವ ಅಳತೆಯೂ ಇರಲಿಲ್ಲ.

ಆಗ ನಾನು ಅವರ ಬಿಲ್‌ಬುಕ್ಕನ್ನು ಮೊದಲ ಸಲ ಸರಿಯಾಗಿ ನೋಡಿದೆ ಎನ್ನಬೇಕು. ಇಷ್ಟು ವರ್ಷ ಅದರ ಮೇಲೆ ಮೊಣಕೈ ಊರಿ ಹರಟೆ ಹೊಡೆದದ್ದೇ ಬಂತು. ನೀಲಿ ಕಾರ್ಬನ್ನಿನ ಪುಸ್ತಕ. ಪ್ರತಿ ಹಾಳೆಯ ಎಡಗಡೆ ಅಂಕಿಗಳ ಸಾಲು: ಉದ್ದ 14, ಎದೆ 36, ಸೊಂಟ 31, ತೋಳು 9, ಮುಂದಿನ ಕುತ್ತಿಗೆ ಆರೂವರೆ, ಹಿಂದಿನದು 9. ಬಲಗಡೆ ಒಂದು ಚಿತ್ರ. ಚಿತ್ರವೆಂದರೆ ಬೆನ್ನು ಮಾತ್ರ. ಎರಡು ಭುಜ, ನಡುವೆ ಕುತ್ತಿಗೆಯ ಕೊರೆತ. ಮಡಕೆ ಗಲಾ, ವೀಳ್ಯದೆಲೆ ಗಲಾ, ಚೌಕ, ಬೋಟ್ ನೆಕ್, ಬೆನ್ನ ಮೇಲೆ ಕಟ್ಟುವ ಡೋರಿ, ಡೋರಿಯ ತುದಿಗೆ ತೂಗುವ ಲಟ್ಕನ್ನು. ಒಂದೇ ಎಳೆತದ ಗೀಟು, ಎಲ್ಲೂ ರಬ್ಬರು ಮುಟ್ಟಿಲ್ಲ. ಮೂಲೆಯಲ್ಲಿ ಆ ಬಟ್ಟೆಯದೇ ಹೆಬ್ಬೆಟ್ಟಿನುಗುರಿನಷ್ಟು ಚೂರು ಕತ್ತರಿಸಿ ಸ್ಟೇಪಲ್ ಹೊಡೆದಿರುತ್ತದೆ, ಇಪ್ಪತ್ತು ಹಸಿರು ರವಿಕೆಗಳ ನಡುವೆ ಯಾರ ಹಸಿರು ಯಾವುದು ಎಂದು ತಿಳಿಯಲು. ಪ್ಯಾರಿಸ್ಸಿನ ಚಿತ್ರದಲ್ಲಿ ಹೆಂಗಸಿದ್ದಾಳೆ, ಅಳತೆಯಿಲ್ಲ. ಮಾಸ್ಟರರ ಚಿತ್ರದಲ್ಲಿ ಅಳತೆಯಿದೆ, ಹೆಂಗಸಿಲ್ಲ.

ಇದನ್ನು ಹೇಳಿದರೆ ತಂಗಿಯ ಮಗಳಿಗೆ ಸಿಟ್ಟು. ಡಿಯೋರನ ಮನೆಯಲ್ಲೂ ಚಿತ್ರದ ಹಾಳೆಗೆ ಬಟ್ಟೆಯ ಚೂರು ಚುಚ್ಚುತ್ತಿದ್ದರು, ಯಾವ ಉಡುಪು, ಯಾರು ಹೊಲಿಯುವುದು, ಯಾರು ತೊಟ್ಟು ತೋರಿಸುವುದು ಎಲ್ಲ ಬರೆದಿಡುತ್ತಿದ್ದರು ಎಂದು ವಾದಿಸಿದಳು. ಅದು ನಿಜವೇ. ಕೆಲಸದ ಹಾಳೆ ಬೇರೆ, ಗೋಡೆಗೆ ಅಂಟಿಸುವ ಚಿತ್ರ ಬೇರೆ. ರೆನೆ ಗ್ರೂಓ ಎಂಬಾತ ಡಿಯೋರನಿಗೆ ಜಾಹೀರಾತಿನ ಚಿತ್ರ ಬರೆದುಕೊಡುತ್ತಿದ್ದ. ಒಂದು ಕುಂಚದ ಬೀಸಿನಲ್ಲಿ ಇಡೀ ಗೌನು. ಅದನ್ನು ನೋಡಿ ಯಾರೂ ಹೊಲಿಯಬೇಕಾಗಿರಲಿಲ್ಲ, ಆಸೆಪಟ್ಟರೆ ಸಾಕಿತ್ತು.

ಡಿಯೋರನ ಸ್ವಂತ ಗೀಟುಗಳ ಕಥೆ ಇನ್ನೂ ಸ್ವಾರಸ್ಯದ್ದು. ಅವನು ಸೂಜಿ ಹಿಡಿದು ಬೆಳೆದವನಲ್ಲ. 1905ರಲ್ಲಿ ಗ್ರಾನ್‌ವಿಲ್‌ನಲ್ಲಿ ಹುಟ್ಟಿದ್ದು, ಗೊಬ್ಬರದ ಕಾರಖಾನೆಯ ಸಾಹುಕಾರರ ಮನೆ. ಹುಡುಗ ಚಿತ್ರಗಳ ಗ್ಯಾಲರಿ ಇಟ್ಟುಕೊಂಡು ಆರಾಮವಾಗಿದ್ದ. 1929ರ ಕುಸಿತದ ನಂತರ ಅಪ್ಪನ ವ್ಯಾಪಾರ ನೆಲಕಚ್ಚಿತು, ಗ್ಯಾಲರಿಯೂ ಮುಚ್ಚಿತು. ಮೂವತ್ತರ ದಶಕದ ನಡುವೆ ಹೊಟ್ಟೆಪಾಡಿಗೆಂದು ಉಡುಪಿನ, ಹ್ಯಾಟಿನ ಚಿತ್ರ ಬರೆದು ಬಟ್ಟೆಯ ಮನೆಗಳ ಬಾಗಿಲು ಬಾಗಿಲಿಗೆ ತೆಗೆದುಕೊಂಡು ಹೋದ. ಹ್ಯಾಟುಗಳೇ ಹೆಚ್ಚು ಖರ್ಚಾಗುತ್ತಿದ್ದವು. 1938ರಲ್ಲಿ ರೋಬೆರ್ ಪಿಗೆ ಎಂಬವನು ಕೆಲಸಕ್ಕಿಟ್ಟುಕೊಂಡ. ಆಮೇಲೆ ಲ್ಯೂಸಿಯಾಂ ಲೆಲಾಂಗ್‌ನ ಮನೆ, ಅಲ್ಲಿ ಜೊತೆಗೆ ಪಿಯರ್ ಬಾಲ್ಮಾಂ. ಕೊನೆಗೆ ಹತ್ತಿಬಟ್ಟೆಯ ದೊಡ್ಡ ಧಣಿ ಮಾರ್ಸೆಲ್ ಬೂಸಾಕ್ ಬಂಡವಾಳ ಹಾಕಿದಾಗ ಸ್ವಂತದ ಮನೆ. ಸಂಗ್ರಹದ ಕಾಲ ಬಂತೆಂದರೆ ಡಿಯೋರ್ ಹಳ್ಳಿಯ ಮನೆ ಸೇರಿಕೊಂಡು, ಹಾಸಿಗೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ, ಊಟದ ಮೇಜಿನಲ್ಲಿ, ಕಾರಿನಲ್ಲಿ, ಕೈಗೆ ಸಿಕ್ಕ ಕಾಗದದಲ್ಲೆಲ್ಲ ಗೀಚುತ್ತಿದ್ದನಂತೆ. ನೂರಾರು ಗೀಚುಗಳು. ಅವುಗಳನ್ನು ಹೊಲಿಗೆಮನೆಯ ಹಿರಿಯ ಹೆಂಗಸರ ಮುಂದೆ ಹರಡುತ್ತಿದ್ದರು. ಯಾವುದು ಯಾರ ಕೈಗೆ ಎಂಬುದು ಅಲ್ಲಿ ತೀರ್ಮಾನ. ಅವರು ಬಿಳಿ ಹತ್ತಿಬಟ್ಟೆಯಲ್ಲಿ ಮೊದಲೊಂದು ಕರಡು ಉಡುಪು ಹೊಲಿದು ತರುತ್ತಿದ್ದರು. ಹುಡುಗಿಯೊಬ್ಬಳಿಗೆ ತೊಡಿಸಿ, ನೋಡಿ, ಕಿತ್ತು, ಮತ್ತೆ ಹೊಲಿದು, ಆಮೇಲೇ ನಿಜವಾದ ಬಟ್ಟೆಗೆ ಕತ್ತರಿ.

ಈ ಕೆಲಸಕ್ಕೆಲ್ಲ ಮಾರ್ಗರೀತ್ ಕಾರೆ ಎಂಬ ಹೆಂಗಸು ಯಜಮಾನತಿ. ಡಿಯೋರನ ಗೀಟನ್ನು ಓದಿ ಅದು ಹೊಲಿಗೆಯಲ್ಲಿ ಏನಾಗಬೇಕು ಎಂದು ಕಂಡುಹಿಡಿಯುವುದು ಅವಳ ವಿದ್ಯೆ. ಗೋಡೆಯ ಮೇಲೆ ಚಿತ್ರ ಅಂಟಿಸುವವರು ಅವಳ ಹೆಸರು ಕೇಳಿರುವುದಿಲ್ಲ. ನನಗೆ ಮಾತ್ರ ಅನ್ನಿಸುವುದು, ಆ ಗೀಟು ಒಂದು ಪ್ರಶ್ನೆ, ಅಷ್ಟೇ. ಸೊಂಟ ಎಲ್ಲಿ ಮುಗಿಯುತ್ತದೆ, ಎದೆಯ ಟಕ್ಸು ಎಲ್ಲಿ ಮಾಯವಾಗುತ್ತದೆ, ಘೇರು ಯಾವುದರ ಬಲದ ಮೇಲೆ ನಿಲ್ಲುತ್ತದೆ ಎಂದು ಉತ್ತರ ಬರೆದವಳು ಅವಳು. ಓದಬಲ್ಲ ಕೈ ಇಲ್ಲದಿದ್ದರೆ ಅದು ಬರೀ ಕಾಗದ. ಕೆಲವರಿಗೆ ಅದೂ ಬೇಕಾಗಿರಲಿಲ್ಲ. ಶನೆಲ್ ಚಿತ್ರ ಬರೆಯುತ್ತಲೇ ಇರಲಿಲ್ಲ, ಕೊರಳಿಗೆ ರಿಬ್ಬನ್ನಿನಲ್ಲಿ ಕತ್ತರಿ ತೂಗಹಾಕಿಕೊಂಡು ಹುಡುಗಿಯ ಮೈಮೇಲೇ ಬಟ್ಟೆ ಕತ್ತರಿಸುತ್ತಿದ್ದಳು. ಬಾಲೆನ್ಸಿಯಾಗನಿಗೆ ಅಳೆಯುವುದು, ಕತ್ತರಿಸುವುದು, ಹೊಲಿಯುವುದು ಎಲ್ಲ ಸ್ವಂತಕ್ಕೆ ಬರುತ್ತಿತ್ತು. ಅವನು ಬಟ್ಟೆಯಿಂದಲೇ ಶುರುಮಾಡುತ್ತಿದ್ದ. ಈ ಇಬ್ಬರ ಸುದ್ದಿ ಹೇಳಿದಾಗ ಮಾಸ್ಟರರಿಗೆ ಅವರ ಮೇಲೆ ಗೌರವ ಬಂದದ್ದು ಮುಖದಲ್ಲೇ ಕಂಡಿತು. ಡಿಯೋರನ ವಿಷಯದಲ್ಲಿ ಸುಮ್ಮನಿದ್ದರು.

ಮಾಸ್ಟರು ಇನ್ನೊಂದು ತಕರಾರು ತೆಗೆದರು. ಇದು ಕೋಟು, ಕೋಟು ಜೆಂಟ್ಸ್ ಕೆಲಸ, ಒಳಗೆ ಕ್ಯಾನ್ವಾಸು ಬಕ್ರಂ ಕೂರಿಸಬೇಕು, ಇದಕ್ಕೆ ಸ್ಟೇಷನ್ನಿನ ಹತ್ತಿರದ ಜೆಂಟ್ಸ್ ಟೇಲರನೇ ಸರಿ, ನಾನೇನಿದ್ದರೂ ರವಿಕೆ, ಚೂಡಿದಾರದವನು ಎಂದು. ನಾನು ನೆಪ ಎಂದುಕೊಂಡೆ. ನೋಡಿದರೆ ಪ್ಯಾರಿಸ್ಸಿನಲ್ಲೂ ಇದೇ ಪಂಗಡ! ಕೋಟು-ಸೂಟಿನ ಹೊಲಿಗೆಮನೆ ಒಂದು, ಜೋಲುವ ಹಾರುವ ಮೆತ್ತನೆ ಬಟ್ಟೆಯ ಹೊಲಿಗೆಮನೆ ಇನ್ನೊಂದು. ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ಬಾರ್ ಸೂಟು ಹೊಲಿದದ್ದು ಕೋಟಿನ ಕಡೆಯವರು. ಆಗ ಅಲ್ಲಿ ಕೆಲಸಕ್ಕಿದ್ದ ಹುಡುಗ ಪಿಯರ್ ಕಾರ್ದಾಂ ಅದರಲ್ಲಿ ಕೈಜೋಡಿಸಿದ್ದ, ಮುಂದೆ ತಾನೇ ದೊಡ್ಡ ಹೆಸರಾದ. ನಮ್ಮ ಥಾಣೆಯಲ್ಲಿ 1925ರಿಂದ ಹೆಸರಾದ ರೇಮಂಡ್ ಉಣ್ಣೆಯ ಮಿಲ್ಲು ಈ ಜೆಂಟ್ಸ್ ಲೋಕದ ಹೆಬ್ಬಾಗಿಲಾಗಿತ್ತು. ನಮ್ಮ ಕಡೆಯ ಮದುಮಕ್ಕಳ ಸೂಟುಪೀಸುಗಳೆಲ್ಲ ಆ ಹೆಸರಿನವೇ. ಮಿಲ್ಲು 2009ರಲ್ಲಿ ಮುಚ್ಚಿತು, ಈಗ ಅಲ್ಲಿ ಗಗನಚುಂಬಿಗಳು. ಸೂಟೇ ಹಾಕದ ಅಳಿಯಂದಿರು ಅಲ್ಲಿ ಫ್ಲಾಟು ಬುಕ್ ಮಾಡುತ್ತಾರೆ.

ಚಿತ್ರದಲ್ಲಿ ಕಾಣದ ಒಂದು ಗುಟ್ಟನ್ನು ಹುಡುಗಿ ಹೇಳಿದಳು: ಆ ಕೋಟಿನ ಸೊಂಟ ಅಷ್ಟು ಸಣ್ಣಗೆ ಕಾಣುವುದು ಸೊಂಟ ಸಣ್ಣಗಿರುವುದರಿಂದಷ್ಟೇ ಅಲ್ಲ, ಅದರ ಕೆಳಗೆ ಪೃಷ್ಠದ ಭಾಗಕ್ಕೆ ಒಳಗಿನಿಂದ ಮೆತ್ತೆ ತುಂಬಿ ಉಬ್ಬಿಸಿದ್ದರಿಂದ. ನಮ್ಮ ಮನೆತನದಲ್ಲಿ ಆ ಖರ್ಚು ಯಾರಿಗೂ ಬೀಳುವುದಿಲ್ಲ ಎಂದೆ. ತಂಗಿ ಫೋನಿನಲ್ಲಿ ಕೇಳಿಸಿಕೊಂಡು ಎರಡು ದಿನ ಮಾತು ಬಿಟ್ಟಳು.

ಲಂಗದ ವಿಷಯಕ್ಕೆ ಬಂದಾಗ ಮಾಸ್ಟರು ಕೈಚೆಲ್ಲಿದರು. ಡಿಯೋರನ ಆ ಕಾಲದ ಕೆಲವು ಲಂಗಗಳಿಗೆ ಹದಿನೈದು, ಇಪ್ಪತ್ತು ಮೀಟರು ಬಟ್ಟೆ ಹೋಗುತ್ತಿತ್ತು. ಯುದ್ಧ ಆಗಷ್ಟೇ ಮುಗಿದ ಕಾಲ. ಇಂಗ್ಲೆಂಡಿನಲ್ಲಿ 1949ರವರೆಗೂ ಬಟ್ಟೆಗೆ ಕೂಪನ್ನು. ಪ್ಯಾರಿಸ್ಸಿನಲ್ಲೇ ಲೆಪಿಕ್ ಬೀದಿಯ ಸಂತೆಯಲ್ಲಿ ಡಿಯೋರನ ಉಡುಪು ತೊಟ್ಟು ಫೋಟೋಕ್ಕೆ ನಿಂತವಳ ಮೇಲೆ ಸಂತೆಯ ಹೆಂಗಸರು ಬಿದ್ದು ಬಟ್ಟೆ ಹರಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ 1943ರಿಂದ ಹತ್ತಿಬಟ್ಟೆಗೆ ಸರಕಾರದ ನಿಯಂತ್ರಣ ಇತ್ತಲ್ಲ. ಆ ಕಾಲ ಕಂಡ ನಮ್ಮಜ್ಜಿ ಕೊನೆಯವರೆಗೂ ಹಳೆಸೀರೆಯ ಗಟ್ಟಿ ಭಾಗವನ್ನು ಹುಡುಕಿ ರವಿಕೆ ಮಾಡಿಕೊಳ್ಳುತ್ತಿದ್ದರು. ಒಂದು ಲಂಗಕ್ಕೆ ಇಪ್ಪತ್ತು ಮೀಟರು ಎಂದಿದ್ದರೆ ಆ ಮುದುಕಿಯೂ ಕೈ ಎತ್ತುತ್ತಿದ್ದಳೋ ಏನೋ. ನನಗಂತೂ ಕಣ್ಣಿಗೆ ಕಟ್ಟುವುದು ಬೇರೆ ದೃಶ್ಯ: ಆ ಘೇರು ಬೆಳಗಿನ ಫಾಸ್ಟ್ ಲೋಕಲಿಗೆ ಡೊಂಬಿವಲಿಯಲ್ಲಿ ಹತ್ತುತ್ತದೆ, ಕಲ್ಯಾಣದಿಂದಲೇ ಉಲ್ಟಾ ಬಂದು ಕುಳಿತವರು ತಕರಾರು ತೆಗೆಯುತ್ತಾರೆ, ಥಾಣೆಯಲ್ಲಿ ಇಳಿಯುವವರು ಅದನ್ನು ತುಳಿದುಕೊಂಡೇ ಇಳಿಯುತ್ತಾರೆ, ಘಾಟ್ಕೋಪರಿಗೆ ಅರ್ಧ ಲಂಗ ಮಾತ್ರ ಮುಟ್ಟುತ್ತದೆ. ಲಂಗ ಬೇಡ, ಕೋಟು ಮಾತ್ರ, ಕೆಳಗೆ ಇಳಕಲ್ ಸೀರೆ ಎಂದು ಒಪ್ಪಂದವಾಯಿತು.

ಇಲ್ಲಿ ಭಾನು ಅಥಯ್ಯಾ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿದ ರಾಜೋಪಾಧ್ಯೆಯವರ ಮಗಳು, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಪ್ರೋಗ್ರೆಸಿವ್ ಕಲಾವಿದರ ಜೊತೆ ಚಿತ್ರ ಪ್ರದರ್ಶಿಸಿದವರು. ಡಿಯೋರ್ ಪ್ಯಾರಿಸ್ಸನ್ನು ಆಳುತ್ತಿದ್ದ ಅದೇ ವರ್ಷಗಳಲ್ಲಿ ಇವರು ‘ಈವ್ಸ್ ವೀಕ್ಲಿ’ ಪತ್ರಿಕೆಗೆ ಉಡುಪಿನ ಚಿತ್ರ ಬರೆಯುತ್ತಿದ್ದರು. ಪತ್ರಿಕೆಯ ಸಂಪಾದಕಿ ಬಟ್ಟೆಯಂಗಡಿ ತೆರೆದಾಗ, ಚಿತ್ರ ಸಾಕು, ಹೊಲಿಸಿಯೂ ತೋರಿಸು ಎಂದರು. ಅಲ್ಲಿಂದ ಸಿನಿಮಾ, 1956ರ ‘ಸಿಐಡಿ’, ಮುಂದೆ ‘ಗಾಂಧಿ’ಗಾಗಿ 1983ರಲ್ಲಿ ಜಾನ್ ಮೊಲ್ಲೊ ಜೊತೆ ಆಸ್ಕರ್. ಭಾರತಕ್ಕೆ ಬಂದ ಮೊದಲ ಆಸ್ಕರ್ ಅದು. ಪ್ರಶಸ್ತಿ ಜೋಪಾನವಾಗಿರಲಿ ಎಂದು ಕೊನೆಗಾಲದಲ್ಲಿ ಅದನ್ನು ಅಕಾಡೆಮಿಗೇ ಮರಳಿಸಿದರು. ತಂಗಿಯ ಮಗಳ ಗೋಡೆಯಲ್ಲಿ ಅವರದೊಂದು ಚಿತ್ರ ಇಲ್ಲದಿರುವುದು ನನಗೆ ಸರಿಕಾಣಲಿಲ್ಲ, ಹೇಳಿದ್ದೇನೆ.

ಹಾಗೆ ನೋಡಿದರೆ ಪ್ಯಾರಿಸ್ಸಿನ ಗೀಟು ಮುಂಬಯಿಗೆ ಬರುವುದು ಹೊಸದಲ್ಲ. ಅಲ್ಲಿಯ ಎಷ್ಟೋ ಹೆಸರಾಂತ ಮನೆಗಳ ಕಸೂತಿ ನಡೆಯುವುದು ಇಲ್ಲಿ. 2023ರ ಮಾರ್ಚ್ 30ರಂದು ಡಿಯೋರ್ ಸಂಸ್ಥೆ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಪ್ರದರ್ಶನ ಮಾಡಿತಲ್ಲ, ಅದರ ಹಿಂದೆ ಮುಂಬಯಿಯ ಚಾಣಕ್ಯ ಕಸೂತಿಮನೆಯ ಕುಶಲಕರ್ಮಿಗಳಿದ್ದರು. ಕಸೂತಿಯ ಕಾರಖಾನೆಯಲ್ಲಿ ಗೀಟನ್ನು ಓದುವ ರೀತಿಯೇ ಬೇರೆ. ಚಿತ್ರವನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಗೀಟಿನುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತಾರೆ. ಅದಕ್ಕೆ ಖಾಕಾ ಎನ್ನುತ್ತಾರೆ. ಖಾಕಾವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿಪುಡಿಯನ್ನು ಬಟ್ಟೆಯುಂಡೆಯಿಂದ ತಿಕ್ಕಿದರೆ ತೂತುಗಳಿಂದ ಇಳಿದು ಚುಕ್ಕಿ ಚುಕ್ಕಿಯಾಗಿ ಚಿತ್ರ ಮೂಡುತ್ತದೆ. ಆಮೇಲೆ ಅಡ್ಡಾದ ಸುತ್ತ ಕುಳಿತವರ ಆರಿ ಸೂಜಿ ಅದರ ಹಿಂದೆ ಹೊರಡುತ್ತದೆ.

ಮಾಸ್ಟರರ ದಾರಿ ಇದಕ್ಕಿಂತ ಸರಳ. ಬಿಳಿಬಟ್ಟೆಯ ಕರಡು ಹೊಲಿಯುವಷ್ಟು ಪುರುಸೊತ್ತು ಡೊಂಬಿವಲಿಯಲ್ಲಿ ಯಾರಿಗೂ ಇಲ್ಲ, ಬಟ್ಟೆಯ ಚೂರಿಗೂ ಲೆಕ್ಕ. ಮನೆಯಿಂದ ಹಳೆಯ ಪೇಪರು ತರಲು ಹೇಳಿದರು. ನಮ್ಮ ಮನೆಯ ಪೇಪರೆಂದರೆ ‘ಕರ್ನಾಟಕ ಮಲ್ಲ’. ಅದನ್ನು ಮೇಜಿನ ಮೇಲೆ ಹರಡಿ, ಹುಡುಗಿಯ ಅಳತೆ ರವಿಕೆಯನ್ನು ಮಡಚಿ ಇಟ್ಟು, ಚಾಕಿನ ಚೂರಿನಿಂದ ಗೀಟೆಳೆದರು. ಪಕ್ಕದಲ್ಲಿ ಪ್ಯಾರಿಸ್ಸಿನ ಚಿತ್ರ. ಚಿತ್ರ ನೋಡುವುದು, ಹುಡುಗಿಯನ್ನು ನೋಡುವುದು, ಮತ್ತೆ ಗೀಟು. ಎದೆಯ ಟಕ್ಸಿನ ಬದಲು ಪ್ರಿನ್ಸೆಸ್ ಕಟ್ ಹಾಕಿದರೆ ಕೆಲಸ ಆಗುತ್ತದೆ ಎಂದರು. ಭುಜದಿಂದ ಸೊಂಟಕ್ಕೆ ಇಳಿಯುವ ಆ ಉದ್ದನೆ ಜೋಡಣೆ ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ಹಾಕಿದ್ದ ವರ್ತ್ ಎಂಬ ಇಂಗ್ಲಿಷಿನವನ ಕಾಲದಿಂದ ಬಂದದ್ದು. ಇಂದು ಕಲ್ಯಾಣ, ಬದಲಾಪುರದ ಗಲ್ಲಿಗಳಲ್ಲೂ ಬ್ಲೌಸಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಸಿಗುತ್ತದೆ. ಒಂದು ಗಂಟೆಯೊಳಗೆ ಸಂಘದ ವಾರ್ಷಿಕೋತ್ಸವದ ವರದಿಯೂ ಶ್ರದ್ಧಾಂಜಲಿಯ ಫೋಟೋಗಳೂ ಸೇರಿ ಕೋಟಿನ ಎಡಭಾಗವಾಗಿದ್ದವು. ಹುಡುಗಿಯ ಮೈಗೆ ಗುಂಡುಪಿನ್ನು ಚುಚ್ಚಿ ನಿಲ್ಲಿಸಿ ನೋಡಿದರು. ಸೊಂಟ ನಿಜವಾಗಿಯೂ ಇತ್ತು.

ಖಣದ ಪನ್ನ ಕಿರಿದು, ರವಿಕೆಗೆ ಸಾಕಾಗುವಷ್ಟೇ. ಕೋಟಿನ ಕೆಳಗಿನ ಉಬ್ಬು ತುಂಡಿನಲ್ಲಿ ಜೋಡಣೆ ಬರಲೇಬೇಕು. ಅಂಚಿನ ಪಟ್ಟಿಯನ್ನು ಜೋಡಣೆಯ ಮೇಲೆ ಕೂರಿಸಿ ಮಾಸ್ಟರು ಅದನ್ನೇ ಡಿಸೈನು ಮಾಡಿದರು. ಜಗಳವಾದದ್ದು ಮಾರ್ಜಿನ್ನಿನ ಮೇಲೆ. ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಡುತ್ತೇನೆ ಎಂದು ಅವರು, ಬಿಟ್ಟರೆ ಲೈನು ಕೆಡುತ್ತದೆ ಎಂದು ಇವಳು.

“ಮದುವಿ ಆದ ಮ್ಯಾಲ ಬಿಚ್ಚಾಕ ಬರ್ತೀರಿ ನೋಡ್ರಿ, ಆವಾಗ ಮಾರ್ಜಿನ್ ನೆನಪಾಗತದ.”

ಮಾರ್ಜಿನ್ ಉಳಿಯಿತು.

ಪಾಡ್ವಾದ ದಿನ ಫಡ್ಕೆ ರೋಡಿನಲ್ಲಿ ಆ ಕೋಟಿನ ಫೋಟೋ ತೆಗೆದವರೆಷ್ಟೋ. ವಾರ ಕಳೆಯುವಷ್ಟರಲ್ಲಿ ಮಾಸ್ಟರರ ಅಂಗಡಿಗೆ ಹುಡುಗಿಯರು ಬರತೊಡಗಿದರು, ಮೊಬೈಲಿನಲ್ಲಿ ಇವಳ ಫೋಟೋ ಹಿಡಿದು, “ಅಸಾಚ್ ಪಾಹಿಜೆ” ಎಂದು. ಇಂಥದೇ ಬೇಕು. ಡಿಯೋರನ ಕಾಲದಲ್ಲಾದರೆ ಇದಕ್ಕೆಲ್ಲ ಕಟ್ಟುಪಾಡು. ಪ್ರದರ್ಶನ ನೋಡಲು ಬರುವ ಹೊರದೇಶದ ವ್ಯಾಪಾರಿಗಳು ಮೊದಲೇ ಠೇವಣಿ ಇಡಬೇಕು. ಆ ದುಡ್ಡಿಗೆ ಕರಡು ಉಡುಪೋ ಕಾಗದದ ಮಾದರಿಯೋ ಕೊಂಡರೆ ನಕಲು ಮಾಡುವ ಹಕ್ಕು. ಒಳಗೆ ಕುಳಿತು ಚಿತ್ರ ಬರೆಯುವಂತಿಲ್ಲ. ಆದರೂ ಕಣ್ಣಲ್ಲೇ ತುಂಬಿಕೊಂಡು ಹೊರಗೆ ಬಂದು ಬರೆಯುವ ಖದೀಮರಿದ್ದರು. ನಮ್ಮ ಕಲ್ಯಾಣದ ಪಕ್ಕದ ಉಲ್ಲಾಸನಗರದವರ ಕಣ್ಣು ಅವರಿಗಿಂತ ಚುರುಕು. ದೇಶ ಒಡೆದಾಗ ಮಿಲಿಟರಿ ಕ್ಯಾಂಪಿನ ಬ್ಯಾರಕ್ಕುಗಳಿಗೆ ಬಂದಿಳಿದ ಸಿಂಧಿಗಳು ಕಟ್ಟಿದ, 1949ರಲ್ಲಿ ಹೆಸರು ಪಡೆದ ಆ ಊರಿನ ಗಜಾನನ ಮಾರ್ಕೆಟ್ಟಿನಲ್ಲಿ ಇಂದು ಸಿನಿಮಾದಲ್ಲಿ ಕಂಡ ಲೆಹಂಗಾ ನಾಳೆ ಹ್ಯಾಂಗರಿನಲ್ಲಿರುತ್ತದೆ. ಅಲ್ಲಿಯ ಜೀನ್ಸು ದೇಶವೆಲ್ಲ ಹೋಗುತ್ತದೆ.

ಸುದ್ದಿ ತಿಳಿದು ತಂಗಿಯ ಮಗಳು ನೆರೂಳಿನಿಂದ ಓಡಿಬಂದಳು. “ನನ್ನ ಡಿಸೈನ್ ಮಾಸ್ಟರ್, ನೀವು ಹಂಗೆಲ್ಲ ಕೊಡೋ ಹಾಗಿಲ್ಲ!” ಗೋಡೆಯ ಮೇಲಿನ ಪ್ರಿಂಟೌಟಿನ ನೆನಪು ನಾನು ಮಾಡಲಿಲ್ಲ, ಮನೆಯ ಮರ್ಯಾದೆ. ಮಾಸ್ಟರು ಬಿಲ್‌ಬುಕ್ ತಿರುಗಿಸಿ ತೋರಿಸಿದರು. ಆಗಲೇ ಆರು ಹಾಳೆ. ಪ್ರತಿಯೊಂದರಲ್ಲೂ ಅದೇ ಕೋಟಿನ ಬೆನ್ನು, ಅಂಕಿಗಳು ಬೇರೆ ಬೇರೆ, ಖಣದ ಚೂರು ಒಂದು ಕಡೆ ಕೆಂಪು, ಇನ್ನೊಂದು ಕಡೆ ನವಿಲುಬಣ್ಣ. ಮೇಲೆ ಅವರ ದಪ್ಪಕ್ಷರದಲ್ಲಿ ಮರಾಠಿಯಲ್ಲಿ ‘ಫ್ರೆಂಚ್ ಕೋಟ್’.

ಕೊನೆಗೆ ನಾನೇ ನಡುವೆ ಬಂದೆ. ಹುಡುಗಿಗೆ ಏನಾದರೂ ಕೊಡಬೇಕಲ್ಲ ಎಂದೆ. ಮಾಸ್ಟರು ಯೋಚಿಸಿ, ಆಕೆ ಓದು ಮುಗಿಸುವವರೆಗೆ ಆಕೆಯ ಬಟ್ಟೆಗೆ ಹೊಲಿಗೆಕೂಲಿ ಬೇಡ ಎಂದರು. ಅವಳು ಗೆದ್ದಂತೆ ಕೈಕುಲುಕಿದಳು.

“ಮತ್ತೆ ನನ್ನ ಎರಡು ಬ್ಲೌಸಿದ್ದುವಲ್ಲ?” ಎಂದೆ.

“ನಿಮ್ಮವು ಬ್ಯಾರೆ ಅಕ್ಕಾರ. ಅಸ್ತರಿನ ರೊಕ್ಕಾ ಸೇರಿ ಸಾವಿರದ ಇನ್ನೂರು.”